ಗುಪ್ಪೆ ಇಲ್ಲದ ಬಾವಿ

ನೌಬಾದಿನ ಬಯಲಲ್ಲಿ ಸುರಂಗ ಬಾವಿಯ ಬಾಯಿಗಳು
ಒಂದರ ಹಿಂದೊಂದು, ನೇರ ಅಲ್ಲ, ತುಸು ಓರೆ,
ಕೆಳಗೆ ನೀರು ಹೇಗೆ ಓರೆಯೋ ಹಾಗೆ.
ಹೂಳು ತೆಗೆಯುವ ಕೆಲಸ. ಝರೆಪ್ಪ ಇಳಿಯುತ್ತಾನೆ,
ನಾನು ಹಗ್ಗ ಹಿಡಿಯುತ್ತೇನೆ.
ಹಾಜರಿ ಪುಸ್ತಕದಲ್ಲಿ ಹಾಗೆಂದು ಇಲ್ಲ,
ಹೆಣ್ಣಾಳು ಒಂದು, ಅಂತ ಇದೆ.

ಇಲ್ಲಿಯ ಮಣ್ಣು ತುಕ್ಕಿನದು.
ಸೆರಗಿಗೆ ಹತ್ತಿದರೆ ಮೂರು ಒಗೆತಕ್ಕೂ ಬಿಡದು.
ಕುಂಕುಮದ ಕೆಂಪಲ್ಲ ಅದು,
ಮಳೆಯಲ್ಲಿ ಮರೆತ ಕುಡುಗೋಲಿನ ಕೆಂಪು.

ನಿನ್ನೆ ಮಗಳು ಸುವಾರ್ತಾ ಝೆರಾಕ್ಸ್ ಅಂಗಡಿಯಿಂದ
ಹತ್ತು ರೂಪಾಯಿ ಕೊಟ್ಟು ಬಣ್ಣದ ಚಿತ್ರ ತಂದಳು.
ಅದೇ ತುಕ್ಕು. ನಡುವೆ ಒಂದು ಕರಿ ತೂತು,
ದುಪ್ಪಟಿಯನ್ನು ಬೀಡಿ ಸುಟ್ಟ ಹಾಗೆ.
"ಮಂಗಳ ಗ್ರಹ ಅವ್ವ ಇದು. ತಳ ಯಾರಿಗೂ ಕಂಡಿಲ್ಲ.
ಒಂದು ಗುಡ್ಡದ ಮೈಮ್ಯಾಲ ಇಂಥವು ಏಳು ಅದಾವ.
ಹುಡುಕಿದವರು ಹೆಣ್ಣುಮಕ್ಕಳ ಹೆಸರು ಇಟ್ಟಾರ."
ಯಾರ ಹೆಣ್ಣುಮಕ್ಕಳು? ಕೇಳಿದೆ.
ಅವಳಿಗೆ ಗೊತ್ತಿರಲಿಲ್ಲ.

ಹಗ್ಗದ ಕೆಲಸಕ್ಕೆ ಒಂದು ನೇಮ ಇದೆ:
ಮೇಲೆ ನಿಂತವರು ಮಾತು ನಿಲ್ಲಿಸಬಾರದು.
ಅದಕ್ಕೇ ಆಡುತ್ತಿರುತ್ತೇನೆ, ಏನಾದರೊಂದು:
ಎಣ್ಣೆಯ ದರ, ಐತವಾರ ಪಾಸ್ಟರು ಮರೆತ ವಚನ,
ಬಾಜೂ ಮನೆಯ ಕೋಳಿ.
ಕೆಳಗಿನಿಂದ "ಹೂಂ" ಬರುತ್ತದೆ,
ತುಸು ತಡವಾಗಿ, ತೇವವಾಗಿ.
ಹೂಂ ಅಂದರೆ ಗಾಳಿ ಇದೆ.
ಹೂಂ ಅಂದರೆ ಝರೆಪ್ಪ ಇದ್ದಾನೆ.

ಇವತ್ತು ಎಳ್ಳಾಮಾಸಿಯ ಭಜ್ಜಿಯ ಮಾತು ತೆಗೆದಿದ್ದೆ.
ಅವರೆ ಹಾಕಿದರು, ಹೂಂ.
ಹಸಿ ತೊಗರಿ, ಹೂಂ.
ಕಡ್ಲೆ, ಬದನೆ, ಮೆಂತ್ಯೆಪಲ್ಯ...
ಬರಲಿಲ್ಲ.
ಎಳೆದರೆ ಹಗ್ಗ ಸುಮ್ಮನೆ ಬಂತು, ಹಗುರವಾಗಿ,
ತುದಿಯ ಕುಣಿಕೆ ಬಿಚ್ಚಿತ್ತು, ಒದ್ದೆ.
ಕೂಗಿದೆ. ಅವನ ಹೆಸರು ಕೆಳಗೆ ಹೋಯಿತು,
ತಿರುಗಿ ಬರಲಿಲ್ಲ.
ಆಗ ನನ್ನ ಬೆನ್ನ ಹಿಂದೆ,
ಜಾಲಿ ಗಿಡಗಳಾಚೆ, ಮೂರನೆಯ ಬಾಯಿಂದ:
"ಮೆಂತ್ಯೆ ಆದ ಮ್ಯಾಲ ಏನು?"

ಬೈಯಬೇಕಿತ್ತು. ಕಾಲು ಸೋತು ಅಲ್ಲೇ ಕೂತೆ.
ಇಷ್ಟು ದಿನ ನಾನು ಎಣಿಸಿದ್ದು
ಬಾವಿಗಳನ್ನಲ್ಲ.

ರೆಪ್ಪೆಯವರೆಗೂ ಕೆಂಪಾಗಿ ಮೇಲೆ ಬಂದ.
ತಂಬಾಕು ತಿಕ್ಕುತ್ತ ಚಿತ್ರ ನೋಡಿದ.
ಅವನಪ್ಪ, ಅವನಜ್ಜ, ಎಲ್ಲರೂ ತೋಡಿದವರೇ.
ಯಾವ ಗ್ರಹ ಅಂತ ಕೇಳಲಿಲ್ಲ, ಮಣ್ಣಿನ ಲೆಕ್ಕ ಕೇಳಿದ:
"ಇಷ್ಟು ದೊಡ್ಡ ಬಾವಿ. ತೆಗೆದ ಮಣ್ಣು ಎಲ್ಲಿ ಚೆಲ್ಲ್ಯಾರ?
ಸುತ್ತ ಗುಪ್ಪೆ ಇಲ್ಲ ನೋಡು.
ಇದು ತೋಡಿದ್ದಲ್ಲ, ಕುಸಿದದ್ದು. ಛತ್ತು ಬಿದ್ದದ.
ಅಂದ್ರ ಕೆಳಗ ಮೊದಲೇ ಹಾದಿ ಇತ್ತು."
ತಂಬಾಕು ತುಟಿಗೆ ಸೇರಿಸಿ, ಊಟದ ಡಬ್ಬಿ ಹುಡುಕಿದ.

ರಾತ್ರಿ ಸುವಾರ್ತಾ ಓದಿ ಹೇಳಿದಳು:
ಕರಗಿದ ಕಲ್ಲು ಹರಿದು ಖಾಲಿಯಾದ ನಾಳ ಇರಬಹುದು.
ಗವಿ ಇರಬಹುದು.
ಹಗಲು ಸುತ್ತಲಿನ ನೆಲಕ್ಕಿಂತ ಆ ತೂತು ತಂಪು,
ಇರುಳು ಬೆಚ್ಚಗೆ.
ಇದನ್ನು ಓದಬೇಕೇ? ಚಳಿಯ ನಸುಕಿನಲ್ಲಿ
ನಮ್ಮ ಬಾಯಿಗಳು ಹಬೆ ಬಿಡುತ್ತವೆ,
ಬ್ಯಾಸಿಗೆಯಲ್ಲಿ ನಾಯಿಗಳು ಅಂಚು ಬಿಟ್ಟೇಳುವುದಿಲ್ಲ.

ಅವಳು ಮಲಗಿದಳು. ಒಲೆಯ ಮೇಲುಗಡೆ ಹಗ್ಗ ಒಣಗುತ್ತಿದೆ.
ಆ ಏಳರ ಮೇಲೆ ಒಂದು ಯಂತ್ರ ಸುತ್ತುತ್ತದಂತೆ,
ಇಣುಕುತ್ತದಂತೆ, ಪಟ ತೆಗೆದು ಮುಂದೆ ಹೋಗುತ್ತದಂತೆ.
ಮಾತಾಡುವುದಿಲ್ಲ.
ಯಾರಾದರೂ ಅದಕ್ಕೆ ನೇಮ ಹೇಳಬೇಕು:
ಒಂದರೊಳಗೆ ಕೂಗಿ,
ಉಳಿದ ಆರರ ಕಡೆ ಕಿವಿ ಇಡು.